ಕೈಯಿಂದ ಕೈಗೆ: ಬಸುರಿ, ಬಾಣಂತಿ, ಕೂಸಿನ ಪರವಾಗಿ ನಮ್ಮ ಪ್ರಣಾಳಿಕೆ

ಎಳೆಗೂಸನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದನ್ನು ಗಮನಿಸಿ. ಕೊಡುವವಳು ಸುಮ್ಮನೆ ಚಾಚಿಬಿಡುವುದಿಲ್ಲ. ಎದುರಿನವಳ ಕೈ ಕೂಸಿನ ಕತ್ತಿನ ಕೆಳಗೆ ಹೋಯಿತೇ ಎಂದು ನೋಡುತ್ತಾಳೆ. "ಹಿಡ್ಕೊಂಡ್ಯಾ?" ಅನ್ನುತ್ತಾಳೆ. "ಹೂಂ, ಬಿಡಕ್ಕ" ಅಂತ ಮಾತು ಬಂದ ಮೇಲೆಯೇ ತನ್ನ ಕೈ ಸಡಿಲಿಸುತ್ತಾಳೆ. ಆ ಒಂದು ಗಳಿಗೆ ಕೂಸು ನಾಲ್ಕು ಕೈಗಳ ಮೇಲಿರುತ್ತದೆ. ಇದನ್ನು ಯಾರೂ ತರಬೇತಿ ಕೊಟ್ಟು ಕಲಿಸಿದ್ದಲ್ಲ, ತಮ್ಮನನ್ನು ಎತ್ತಿಕೊಳ್ಳುವ ಏಳು ವರ್ಷದ ಹುಡುಗಿಗೂ ಗೊತ್ತು.

ನಮ್ಮ ಚಳವಳಿ ಕೇಳುವುದು ಇಷ್ಟನ್ನೇ. ಒಬ್ಬ ಹೆಣ್ಣುಮಗಳು ಬಸುರಿಯಾದ ದಿನದಿಂದ ಅವಳ ಮಗು ಒಂದನೇ ಕ್ಲಾಸಿಗೆ ಹೋಗುವವರೆಗೆ, ಅವರನ್ನು ಹಿಡಿದವರು ಇನ್ನೊಬ್ಬರು ಹಿಡಿದರೆಂದು ಖಾತ್ರಿ ಮಾಡಿಕೊಳ್ಳದೆ ಕೈ ಬಿಡಬಾರದು. ಊರಿನಿಂದ ಊರಿಗೆ, ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಅಂಗನವಾಡಿಗೆ, ಅಂಗನವಾಡಿಯಿಂದ ಶಾಲೆಗೆ ಹೋಗುವಾಗೆಲ್ಲ ಈ ಮಾತು ನಡೆಯಬೇಕು.

ನಾವು ತುಮಕೂರು ಜಿಲ್ಲೆಯ ಪಾವಗಡ ಸೀಮೆಯವರು. ಸುತ್ತ ಆಂಧ್ರ, ಕೈಕೊಡುವ ಮಳೆ, ನಂಬಿಕೊಂಡಿರುವ ಬೆಳೆ ಕಡಲೆಕಾಯಿ. ಜಿಲ್ಲಾ ಆಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ನಮ್ಮ ಮಕ್ಕಳ ಹಲ್ಲಿನ ಕಂದು ಕಲೆ ನೋಡಿಯೇ ಪರ ಊರಿನವರು ಗುರುತು ಹಿಡಿಯುತ್ತಾರೆ. ಹಾಲಿನ ಡೈರಿಯ ಜಗುಲಿಯ ಮೇಲೆ ಸೇರಿದ ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗನವಾಡಿ ಟೀಚರ್‌ಗಳಿದ್ದಾರೆ, ಡೈರಿಯ ಸೆಕ್ರೆಟರಿ, ಒಬ್ಬ ಆಟೋದವನು, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ರೈತರು, ಇಬ್ಬರು ಅಜ್ಜಿಯರು ಇದ್ದಾರೆ. ಇದನ್ನು ಬರೆಯುತ್ತಿರುವ ನಾನು ಅಂಗನವಾಡಿಯಿಂದ ನಿವೃತ್ತಳಾದವಳು.

ನಾವು ಸೇರಿದ್ದಕ್ಕೆ ಕಾರಣವಾದ ಸಂಗತಿಯನ್ನು ಹೇಳುತ್ತೇನೆ. ನಮ್ಮಲ್ಲೊಬ್ಬರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡನ ಊರಿನಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿದ್ದರು, ಮೂರು ಸಲ ತಪಾಸಣೆಯೂ ಆಗಿತ್ತು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ ಕಳಿಸಿಕೊಟ್ಟರು. ಅಲ್ಲಿನ ಆಶಾ ತನ್ನ ನೋಟ್‌ಬುಕ್ಕಿನಲ್ಲಿ "ತವರಿಗೆ ಹೋಗಿದ್ದಾರೆ" ಎಂದು ಬರೆದುಕೊಂಡಳು. ಇಲ್ಲಿನ ಆಶಾಗೆ ಅವಳು ಬಂದದ್ದೇ ತಿಳಿಯಲಿಲ್ಲ. ಐದು ವಾರ ಯಾರೂ ಅವಳ ಬಿಪಿ ನೋಡಲಿಲ್ಲ. ಕಾಲು ಊದಿಕೊಂಡವು. "ಬಸುರಿ ಕಾಲು ಊದದೆ ಇರ್ತಾವಾ" ಅಂದೆವು. ತಲೆನೋವು ಬಂತು. ಶುಂಠಿ ಅರೆದು ಹಣೆಗೆ ಪಟ್ಟು ಹಾಕಿದೆವು. ಒಂದು ಸಂಜೆ ದೇವರ ಮನೆಯ ಮುಂದೆ ಕೂತಿದ್ದವಳು, "ಅಮ್ಮ, ದೀಪ ಎರಡೆರಡು ಕಾಣ್ತಿದೆ" ಅಂದಳು. 108 ಬಂದು ಬಿಪಿ ನೋಡಿದಾಗ 170/110. ದಾರಿಯಲ್ಲೇ ಫಿಟ್ಸ್ ಬಂತು. ತಾಯಿ ಉಳಿದಳು. ಮಗು ಹುಟ್ಟಿದಾಗ 1,400 ಗ್ರಾಂ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತಾರು ದಿನ ಇದ್ದು ಅದೂ ಉಳಿಯಿತು. ಈಗ ಆ ಹುಡುಗ ಡೈರಿಯ ಕ್ಯಾನು ತಟ್ಟುತ್ತಾ ಓಡಾಡುತ್ತಾನೆ.

ಆ ಐದು ವಾರದಲ್ಲಿ ಇಂಥವರದೇ ತಪ್ಪು ಎಂದು ಬೊಟ್ಟು ಮಾಡಲು ನಮಗೆ ಯಾರೂ ಸಿಗಲಿಲ್ಲ. ಆಶಾಗಳಿಬ್ಬರೂ ಪ್ರಾಮಾಣಿಕರು, ತಾಯಿಗೆ ಮಗಳೆಂದರೆ ಪ್ರಾಣ. ಎರಡು ನೋಟ್‌ಬುಕ್ಕುಗಳ ನಡುವೆ ಒಂದು ಸಂದಿಯಿತ್ತು, ಅವಳು ಆ ಸಂದಿಯಲ್ಲಿ ಜಾರಿದಳು. ಬಿಪಿ ಪಟ್ಟಿ ಸುತ್ತಿ ಗುಂಡಿ ಒತ್ತಲು ಎರಡು ನಿಮಿಷ ಬೇಡ.

ಆಸ್ಪತ್ರೆಯಿಲ್ಲದ್ದು, ಯೋಜನೆಯಿಲ್ಲದ್ದು ನಮ್ಮ ಸಂಕಟವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅಷ್ಟಾದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಯುವ ಕೂಸುಗಳು ಅರ್ಧದಷ್ಟೇ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ನೂರರಲ್ಲಿ 65 ಮಕ್ಕಳಿಗಿದೆ. 2018-20ರ ಲೆಕ್ಕದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತರೆ, ಪಕ್ಕದ ಕೇರಳದಲ್ಲಿ 19. ನಾವು ಹೆಣ್ಣುಮಕ್ಕಳನ್ನು ಹೆರಿಗೆ ಕೋಣೆಯ ಬಾಗಿಲಿಗೆ ಮುಟ್ಟಿಸುವುದನ್ನು ಕಲಿತೆವು, ಅದು ದೊಡ್ಡ ಮಾತು. ಆ ಬಾಗಿಲಿಗೆ ಬರುವ ಮುಂಚಿನ ಎಂಟು ತಿಂಗಳು, ಅದನ್ನು ದಾಟಿದ ಮೇಲಿನ ಐದಾರು ವರ್ಷ ಇನ್ನೂ ಚೂರು ಚೂರಾಗಿವೆ. ಒಂದೊಂದು ಚೂರಿಗೆ ಒಂದೊಂದು ಇಲಾಖೆ, ಒಂದೊಂದು ಆ್ಯಪ್, ಒಂದೊಂದು ರಿಜಿಸ್ಟರ್.

ಮೊದಲ ಸಂದಿ ತವರಿನ ದಾರಿಯಲ್ಲಿದೆ. ಚೊಚ್ಚಲ ಬಸುರಿ ತವರಿಗೆ ಹೋಗುವುದು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಸರ್ಕಾರಿ ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಬಿಪಿ ಏರುವುದು, ರಕ್ತ ಇಳಿಯುವುದು, ಮಗು ಅಡ್ಡ ತಿರುಗುವುದು ಕಾಣಿಸಿಕೊಳ್ಳುವ ತಿಂಗಳುಗಳಲ್ಲೇ ಅವಳು ಪರಿಚಯದ ಸಿಸ್ಟರನ್ನು ಬಿಟ್ಟು ಬರುತ್ತಾಳೆ. ಆದ್ದರಿಂದ ಮಡಿಲಕ್ಕಿಯ ಜೊತೆಗೆ ತಾಯಿ ಕಾರ್ಡನ್ನೂ ಕೊಟ್ಟು ಕಳಿಸಬೇಕು. ಕಳಿಸುವ ಊರಿನ ಆಶಾ ಬರಮಾಡಿಕೊಳ್ಳುವ ಊರಿನ ಆಶಾಗೆ ಫೋನ್ ಮಾಡಬೇಕು. ಬಂದ ಮೂರು ದಿನದೊಳಗೆ ಬಿಪಿ, ತೂಕ, ರಕ್ತ ನೋಡಿ ಹಿಂದಿನ ಊರಿಗೆ "ಹಿಡ್ಕೊಂಡೆ" ಎಂದು ಹೇಳಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆದುಬಂದಿರುವ ಏರ್ಪಾಡು ಅದು. ತವರಿಗೆ ಬಂದವಳನ್ನೂ ಬೆಂಗಳೂರಿನ ಕಟ್ಟಡ ಕೆಲಸದಿಂದ ಮರಳಿದವಳನ್ನೂ ಆ ದಿನ ಕೈಹಿಡಿದು ಕರೆದೊಯ್ಯುವುದು ನಮ್ಮ ಮೊದಲ ಕೆಲಸ.

ಕಾರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2022ರ ನವೆಂಬರಿನಲ್ಲಿ ನಮ್ಮ ಜಿಲ್ಲಾ ಕೇಂದ್ರದಲ್ಲಿ, ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಹೆರಿಗೆ ನೋವಿನಲ್ಲಿದ್ದ ಹೆಂಗಸನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸಿದರೆಂಬ ಸುದ್ದಿ ನಾಡನ್ನೆಲ್ಲ ಕಲಕಿತು. ಕೆಲಸ ಹುಡುಕಿಕೊಂಡು ತಮಿಳುನಾಡಿನಿಂದ ಬಂದವಳು. ಬಾಡಿಗೆ ಮನೆಯಲ್ಲಿ ಅವಳೂ ತೀರಿಕೊಂಡಳು, ಅವಳಿ ಕೂಸುಗಳೂ ತೀರಿಕೊಂಡವು. ಸಿಬ್ಬಂದಿ ಅಮಾನತಾದರು, ಕಾರ್ಡ್ ಕಡ್ಡಾಯವಲ್ಲವೆಂಬ ಸೂಚನೆ ಹೊರಟಿತು. ತಾಯಿಯನ್ನು ಕಾಪಾಡಲೆಂದು ಮಾಡಿದ ಕಾರ್ಡು ಅವಳನ್ನು ತಡೆಯುವ ಗೇಟಾಗಬಾರದು. ಕಾರ್ಡಿಲ್ಲದೆ ಬಂದವಳು ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವಳು, ಅವಳನ್ನು ಎಲ್ಲರಿಗಿಂತ ಮೊದಲು ಒಳಗೆ ಕರೆಯಬೇಕು. ನಮ್ಮ ಸೀಮೆಯ ಇಟ್ಟಿಗೆ ಗೂಡು, ಕೋಳಿ ಫಾರಂ, ಸೋಲಾರ್ ಪಾರ್ಕಿನ ಸುತ್ತಲ ಶೆಡ್ಡುಗಳಲ್ಲಿರುವ ಪರಭಾಷೆಯ ಬಸುರಿಯರೂ ನಮ್ಮ ಊರಿನವರೇ.

ಎರಡನೇ ಸಂದಿ ಆಸ್ಪತ್ರೆಯಿಂದ ಮನೆಗೆ ಬರುವಾಗಿನದು. ಹೊಲಿಗೆ ಹಿಡಿದುಕೊಂಡು, ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಿಳಿದ ಹಸಿ ಬಾಣಂತಿಗೆ ಸಾವಿರ ಜನರ ಸಾವಿರ ಮಾತು. ಅವಳ ಮನೆಗೆ ಯಾರು ಬರಬೇಕು, ಯಾವತ್ತು ಬರಬೇಕು ಎಂಬುದು ಬರಹದಲ್ಲಿದೆ. 3, 7, 14, 21, 28, 42ನೇ ದಿನ ಆಶಾ ಆ ಮನೆಗೆ ಹೋಗಿ ಕೂಸಿನ ತೂಕ, ಮೈ ಬಿಸಿ, ಹೊಕ್ಕುಳು ನೋಡಬೇಕು, ತಾಯಿಯ ರಕ್ತಸ್ರಾವ, ಜ್ವರ ವಿಚಾರಿಸಬೇಕು. ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ಅಲ್ಲಿನ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ಹಸುಗೂಸಿನ ಆರೈಕೆ ಮಾಡಿಸಿದರು. ನವಜಾತ ಶಿಶು ಮರಣ ನೂರಕ್ಕೆ 62ರಷ್ಟು ಇಳಿದದ್ದು 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ದೇಶವೇ ಅದನ್ನು ಆಶಾಗಳ ಮೂಲಕ ಕೈಗೆತ್ತಿಕೊಂಡಿತು. ಕಲಿತ ಹೆಂಗಸೊಬ್ಬಳು ಸರಿಯಾದ ದಿನ ಹೊಸ್ತಿಲಲ್ಲಿ ಬಂದು ಕೂತರೆ ಕೂಸುಗಳು ಉಳಿಯುತ್ತವೆ. ಆ ಆರು ದಿನಗಳಲ್ಲಿ ಒಂದೂ ತಪ್ಪದಂತೆ ನೋಡಿಕೊಳ್ಳುವುದು ಇಡೀ ಊರಿನ ಹೊಣೆ. ಆಶಾಗೆ ಜ್ವರ ಬಂದರೆ, ಅವಳು ಸಮೀಕ್ಷೆಗೋ ಮೀಟಿಂಗಿಗೋ ಹೋಗಿದ್ದರೆ, ಪಕ್ಕದ ಊರಿನ ಆಶಾ ಬರಬೇಕು. ಅವಳನ್ನು ಕರೆತರುವುದು ನಮ್ಮ ಆಟೋದವನ ಪಾಲಿನ ಕೆಲಸ.

ನಾವು ಬಾಣಂತನವನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವವರಲ್ಲ. ಹೆತ್ತವಳಿಗೆ ಕೆಲಸದಿಂದ ಬಿಡುವು, ಬಿಸಿ ಊಟ, ಎಣ್ಣೆ ನೀರು, ಪಕ್ಕದಲ್ಲೊಂದು ಜೀವ. ಇದಕ್ಕಿಂತ ಒಳ್ಳೆಯ ಆರೋಗ್ಯ ಯೋಜನೆಯನ್ನು ಯಾವ ಇಲಾಖೆಯೂ ಬರೆದಿಲ್ಲ. ನಮ್ಮ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ದುಡ್ಡು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡಿಗೆಲ್ಲ ಹೆಸರಾದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಮನೆಯಲ್ಲೇ ಹೆರಿಗೆಯಾಗಲಿ ಎಂದು ನಾವು ಹೇಳುವುದಿಲ್ಲ. ರಕ್ತ ಸುರಿಯಲು ತೊಡಗಿದರೆ ಎರಡು ಗಂಟೆಯೂ ಉಳಿದಿರುವುದಿಲ್ಲ, ಅಲ್ಲಿ ಬೇಕಾದದ್ದು ಆಸ್ಪತ್ರೆ, ಇಂಜೆಕ್ಷನ್, ರಕ್ತದ ಬಾಟಲಿ. ಸೂಲಗಿತ್ತಿಯ ಕೆಲಸವೊಂದನ್ನು ಮಾತ್ರ ಆಸ್ಪತ್ರೆ ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ನೋವು ತಿನ್ನುವವಳ ಬೆನ್ನು ನೀವುತ್ತಾ ಹೆಸರು ಹಿಡಿದು ಮಾತಾಡಿಸುವ ಕೆಲಸ ಅದು. ಹೆರಿಗೆ ಕೋಣೆಯಲ್ಲಿ ಹೆಂಗಸರು ಬೈಗುಳ ತಿಂದದ್ದನ್ನು, ಕೆಲವೊಮ್ಮೆ ಏಟು ತಿಂದದ್ದನ್ನು ನಮ್ಮ ಸಭೆಯಲ್ಲಿ ಒಬ್ಬೊಬ್ಬರಾಗಿ ಹೇಳಿಕೊಂಡರು. ಪ್ರತಿ ಹೆರಿಗೆಯಲ್ಲೂ ತಾಯಿಗೆ ಬೇಕಾದ ಹೆಂಗಸೊಬ್ಬಳು ಜೊತೆಗಿರಲು ಬಿಡಬೇಕು, ಅವಳನ್ನು ಹೊರಗೆ ಕಾರಿಡಾರಿನಲ್ಲಿ ಕೂರಿಸಬಾರದು.

ಹಾಗೆಯೇ ಬಾಣಂತನದಲ್ಲಿ ಕೆಟ್ಟದ್ದೇನಿದೆಯೋ ಅದನ್ನು ಬಿಡಿಸುವುದೂ ನಮ್ಮದೇ ಕೆಲಸ. ಬಾಣಂತಿಗೆ ನೀರು ಕೊಡದಿರುವುದು, ಸೊಪ್ಪು ತರಕಾರಿ ಮುಟ್ಟಿಸದಿರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊಗೆ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಕೂಸಿನ ಕಿವಿ ಮೂಗಿಗೆ ಎಣ್ಣೆ ಬಿಡುವುದು, ಬಾಲಗ್ರಹವೆಂದು ಹೊಟ್ಟೆಗೆ ಬರೆ ಹಾಕುವುದು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಕೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಆ ಹಟ್ಟಿಯವರನ್ನು ಟಿವಿಯಲ್ಲಿ ಬಯ್ಯುವುದು ಸುಲಭ. ನಮ್ಮ ಇಬ್ಬರು ಅಜ್ಜಿಯರಲ್ಲಿ ಒಬ್ಬರು ಹಟ್ಟಿಯವರೇ. ತಮ್ಮ ಮೂರು ಬಾಣಂತನವನ್ನೂ ಅಂಥ ಗುಡಿಸಲಿನಲ್ಲೇ ಕಳೆದವರು. "ಬೈದ್ರೆ ಬಾಗ್ಲು ಹಾಕ್ಕೊಂತಾರೆ. ನಾನು ಹೋಗಿ ಕೂತ್ಕೊಂತೀನಿ, ನನ್ ಮಾತು ಕೇಳ್ತಾರೆ" ಅಂದರು. ಈ ಚಳವಳಿಯಲ್ಲಿ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿರುವುದು ಇದಕ್ಕೇ. ಸೊಸೆಗೆ ಮಾಡುವ ಉಪದೇಶವನ್ನು ಅತ್ತೆಗೆ ಮೊದಲು ಮಾಡಬೇಕು, ಅದೂ ಅವಳ ವಾರಿಗೆಯವಳ ಬಾಯಲ್ಲಿ.

ಕಬ್ಬಿಣದ ಮಾತ್ರೆಯ ಕಥೆಯೂ ಅಷ್ಟೇ. ಬಸುರಿಗೆ 180, ಹೆತ್ತ ಮೇಲೆ ಮತ್ತೆ 180 ಮಾತ್ರೆ ಎಂದು ಲೆಕ್ಕ. ಕೊಟ್ಟದ್ದಕ್ಕೆ ಸಹಿಯಿದೆ, ನುಂಗಿದ್ದಕ್ಕೆ ಸಾಕ್ಷಿಯಿಲ್ಲ. ಹಾಸಿಗೆ ಮಡಿಸಿದರೆ ದಿಂಬಿನ ಕೆಳಗೆ ಇಡೀ ಇಡೀ ಪಟ್ಟಿಗಳು. ವಾಕರಿಕೆ, ಮಲ ಕಪ್ಪಗಾಗುತ್ತದೆಂಬ ಹೆದರಿಕೆ, ಮಗು ಕಪ್ಪಾಗುತ್ತದೆಂಬ ಗಾಳಿಮಾತು. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ, ಟೀ ಕಾಫಿಯ ಜೊತೆ ನುಂಗಬಾರದು, ನಿಂಬೆಹಣ್ಣಿನ ಪಾನಕದ ಜೊತೆಯಾದರೆ ಮೈಗೆ ಹತ್ತುತ್ತದೆ, ಸುಣ್ಣದ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಇಷ್ಟನ್ನು ಎದುರು ಕೂತು ಹೇಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಯಾರಿಗೂ ಇಲ್ಲದ್ದರಿಂದ ರಕ್ತ ಏಳು ಗ್ರಾಂಗೆ ಇಳಿದ ಮೇಲೆ ಬಾಟಲಿ ಹುಡುಕಿಕೊಂಡು ನೂರು ಕಿಲೋಮೀಟರ್ ಓಡುತ್ತೇವೆ.

ಮೂರನೇ ಸಂದಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಗದ್ದಲವಿಲ್ಲ, ಆಂಬುಲೆನ್ಸಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಸಿಗೆ ನಲವತ್ತೆರಡು ದಿನ ತುಂಬಿದ ಮೇಲೆ ಆಶಾ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರಬೇಕೆಂದು 2018ರಿಂದ ನಿಯಮವಿದೆ. ಹದಿನೈದನೇ ತಿಂಗಳ ಆಚೆಗೆ ಆ ಪಟ್ಟಿ ಮುಗಿಯುತ್ತದೆ. ಮಗು ಅಂಗನವಾಡಿಗೆ ಬಂದು ಕೂರುವುದು ಮೂರು ವರ್ಷಕ್ಕೆ. ನಡುವಿನ ಇಪ್ಪತ್ತೊಂದು ತಿಂಗಳು ಅದು ಯಾರದು? ಎದೆಹಾಲು ಕಡಿಮೆಯಾಗಿ, ಊಟ ಇನ್ನೂ ಹತ್ತದೆ, ಕಂಡದ್ದನ್ನೆಲ್ಲ ಬಾಯಿಗಿಟ್ಟುಕೊಂಡು, ಭೇದಿ ಜ್ವರಕ್ಕೆ ಸೊರಗುವ ವಯಸ್ಸು ಅದು. ಎರಡು ವರ್ಷದೊಳಗೆ ಕುಂಠಿತವಾದ ಎತ್ತರವನ್ನು ಆಮೇಲೆ ಎಷ್ಟು ಮೊಟ್ಟೆ ತಿನ್ನಿಸಿದರೂ ಪೂರ್ತಿ ಮರಳಿ ತರುವುದು ಕಷ್ಟ.

ನನ್ನ ಕೊನೆಯ ವರ್ಷದ ಕೆಲಸದಲ್ಲಿ ಒಂದು ಹುಡುಗಿಯನ್ನು ತೂಕಕ್ಕೆ ತಂದರು. ತೊಲೆಗೆ ಕಟ್ಟಿದ ತಕ್ಕಡಿಯ ಬಟ್ಟೆಯ ಜೋಲಿಗೆ ಕೂರಿಸಿದರೆ ಮಕ್ಕಳು ಕಿರುಚಿ ರಂಪ ಮಾಡುತ್ತವೆ. ಈ ಹುಡುಗಿ ಸುಮ್ಮನೆ ಕೂತಿತ್ತು, ನನಗೆ ಆಗಲೇ ಎದೆ ಧಸಕ್ಕೆಂದಿತು. ಕಾರ್ಡು ತೆರೆದೆ. ಒಂಬತ್ತನೇ ತಿಂಗಳಲ್ಲಿ 7.6 ಕಿಲೋ, ಹಸಿರು ಪಟ್ಟೆಯೊಳಗೆ ಚುಕ್ಕಿ. ಹದಿನೈದನೇ ತಿಂಗಳಲ್ಲಿ 8 ಕಿಲೋ, ಇನ್ನೂ ಹಸಿರೇ. ಅಲ್ಲಿಂದ ಮುಂದೆ ಹತ್ತು ಮನೆ ಖಾಲಿ. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು, ಮಗುವೂ ಜೊತೆಯಲ್ಲಿತ್ತು. ಮರಳು ರಾಶಿಯ ಪಕ್ಕ ಕೂರಿಸಿ, ಅತ್ತಾಗ ಟೀಯಲ್ಲಿ ಅದ್ದಿದ ಬಿಸ್ಕತ್ತು, ಐದು ರೂಪಾಯಿಯ ಪೊಟ್ಟಣ. ಅಂದು ಇಪ್ಪತ್ತಾರು ತಿಂಗಳು, ಮುಳ್ಳು 8.2ಕ್ಕೆ ನಿಂತಿತು. ಚುಕ್ಕಿ ಇಟ್ಟೆ, ಕಿತ್ತಳೆ ಬಣ್ಣದ ಮೇಲೆ ಬಿತ್ತು. ಹನ್ನೊಂದು ತಿಂಗಳಲ್ಲಿ ಇನ್ನೂರು ಗ್ರಾಂ. ಆ ತಾಯಿ ಕಾರ್ಡು ಇಸಕೊಂಡು ಖಾಲಿ ಮನೆಗಳ ಮೇಲೆ ಬೆರಳಾಡಿಸಿ, "ಇಲ್ಲೆಲ್ಲ ಯಾಕ್ ಬರ್ದಿಲ್ಲ ಮಿಸ್?" ಎಂದು ಕೇಳಿದಳು. ನನ್ನ ಬಾಯಿಗೆ ಉತ್ತರ ಬರಲಿಲ್ಲ.

ಅಂಥ ಖಾಲಿ ಮನೆಗಳನ್ನು ತುಂಬುವುದೇ ನಮ್ಮ ಚಳವಳಿಯ ನಡುಗಂಬ. ಹದಿನೈದು ತಿಂಗಳಿನಿಂದ ಮೂರು ವರ್ಷದವರೆಗಿನ ಪ್ರತಿ ಮಗುವಿನ ಹೆಸರು ಊರಿನ ಪಟ್ಟಿಯಲ್ಲಿರಬೇಕು. ತಿಂಗಳಿಗೊಮ್ಮೆ ತೂಕ, ತೋಳಿನ ಸುತ್ತಳತೆ. ತೋಳಿನ ಅಳತೆ 12.5 ಸೆಂಟಿಮೀಟರಿಗಿಂತ ಕೆಳಗಿಳಿದರೆ ಅದೇ ವಾರ ಮನೆಗೆ ಹೋಗಬೇಕು, 11.5ಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರ ಹತ್ತಿರ. ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇರಿ ಎಂದಾಗ ತಾಯಂದಿರು ಒಲ್ಲೆ ಎನ್ನುವುದು ಮೊಂಡುತನದಿಂದಲ್ಲ. ಮನೆಯಲ್ಲಿ ಇನ್ನೊಂದು ಮಗುವಿದೆ, ಕಟ್ಟಿದ ಹಸುವಿದೆ. ಆ ಹಸುವಿನ ಹಾಲು ಕರೆಯುವುದು, ಆ ಇನ್ನೊಂದು ಮಗುವಿಗೆ ಉಣ್ಣಿಸುವುದು ನೆರೆಯವರ ಕೆಲಸವೆಂದು ಬರೆದುಕೊಂಡಿದ್ದೇವೆ.

ಶಾಲೆಯ ಮಕ್ಕಳಿಗೆ ಬಿಸಿಯೂಟವಿದೆ, ಹಾಲಿದೆ, ಮೊಟ್ಟೆಯಿದೆ. ಎರಡು ವರ್ಷದ ಕೂಸಿಗೆ ಸಿಗುವುದು ಪುಷ್ಟಿ ಪೊಟ್ಟಣ. ಮನೆಗೆ ಹೋದ ಪೊಟ್ಟಣ ಮನೆಮಂದಿಯ ಪಾಲಾಗುತ್ತದೆ, ಒಮ್ಮೊಮ್ಮೆ ಎಮ್ಮೆಯ ಬಾನಿಗೂ ಬೀಳುತ್ತದೆ. ತಪ್ಪು ತಾಯಂದಿರದೆಂದು ನಾನು ಒಪ್ಪುವುದಿಲ್ಲ. ಸಣ್ಣ ಹೊಟ್ಟೆಗೆ ದಿನಕ್ಕೆ ನಾಲ್ಕೈದು ಸಲ ಕಾಸಿ ಕಲೆಸಿ ಉಣ್ಣಿಸಲು ಒಬ್ಬರು ಮನೆಯಲ್ಲಿರಬೇಕು, ಅವಳು ಕಳೆ ಕೀಳಲು ಹೋಗಿದ್ದಾಳೆ. ಮೊಳಕೆ ಕಟ್ಟಿದ ರಾಗಿ ಸರಿ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತು, ಅದಕ್ಕೆ ಹುರಿದು ಪುಡಿ ಮಾಡಿದ ಕಡಲೆಕಾಯಿ ಬೆರೆಸಿದರೆ ನಮ್ಮ ಹೊಲದಲ್ಲೇ ಪುಷ್ಟಿಯಿದೆ. ಕೊರತೆ ಇರುವುದು ಉಣ್ಣಿಸುವ ಕೈಗೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿತು. ಸರಿಯಾದ ಹೆಜ್ಜೆ ಅದು. ನಮ್ಮ ಒತ್ತಾಯ ಇಷ್ಟು: ಕೂಸಿನ ಮನೆ ಪ್ರತಿ ದೊಡ್ಡ ಊರಿನಲ್ಲಿರಲಿ, ಯಾರ ಹೊಲಕ್ಕೆ ಹೋಗುವ ತಾಯಿಯ ಮಗುವಿಗೂ ಅಲ್ಲಿ ಜಾಗವಿರಲಿ, ವರ್ಷವಿಡೀ ತೆರೆದಿರಲಿ, ಅಲ್ಲಿ ಫ್ಲೋರೈಡ್ ಇಲ್ಲದ ಕುಡಿಯುವ ನೀರು ಇರಲಿ.

ನಾವು ದಾನ ಕೇಳುತ್ತಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಬಸುರಿಗೂ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆ ಕೊಡಬೇಕೆನ್ನುತ್ತದೆ. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಐದು ಸಾವಿರ ಎಂದಿತು, ಎರಡನೆಯದಕ್ಕೆ ಅದು ಹೆಣ್ಣಾದರೆ ಮಾತ್ರ ಆರು ಸಾವಿರ. ಕಾಯ್ದೆಯಲ್ಲಿರುವ "ಪ್ರತಿ" ಎಂಬ ಪದ ಎಲ್ಲಿ ಹೋಯಿತು? ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇಟ್ಟದ್ದು ಒಳ್ಳೆಯ ಕೆಲಸ, 2017ರ ಗಾಂಧಿ ಜಯಂತಿಯಂದು ನಾನೇ ನಮ್ಮ ಕೇಂದ್ರದಲ್ಲಿ ಮೊದಲ ತಟ್ಟೆ ಬಡಿಸಿದೆ. ಆದರೆ ಹೊಸ್ತಿಲು ದಾಟಬಾರದ ಬಾಣಂತಿ, ಎರಡು ಕಿಲೋಮೀಟರ್ ಆಚೆಯ ತೋಟದ ಮನೆಯ ತುಂಬು ಬಸುರಿ ಬಿಸಿಲಲ್ಲಿ ನಡೆದು ಬಂದು ಉಣ್ಣಲಾರರು. ಅವರ ಊಟವನ್ನು ಡಬ್ಬಿಯಲ್ಲಿ ಮನೆಗೆ ಮುಟ್ಟಿಸಲು ನಿಯಮ ಬಿಡಲಿ, ಹೊರುವವರು ನಾವಿದ್ದೇವೆ. ಹಳ್ಳಿಯ ಆರೋಗ್ಯ, ನೈರ್ಮಲ್ಯ, ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಬರಬೇಕು. ಆ ದುಡ್ಡಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸುತ್ತೇವೆ, ಅದರಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಬಿಪಿ ಯಂತ್ರ.

ಇದನ್ನೆಲ್ಲ ಹೊರುವ ಹೆಂಗಸರ ಹೊಟ್ಟೆಪಾಡಿನ ಮಾತು ಎತ್ತದೆ ತಾಯಿ ಮಗುವಿನ ಮಾತಾಡುವುದು ನಮಗೆ ಸರಿಕಾಣುವುದಿಲ್ಲ. ಹಸುಗೂಸಿನ ಮನೆಗೆ ಆರು ಸಲ ಹೋಗಿಬಂದರೆ ಆಶಾಗೆ ಕೊಡುವ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾಗಳು ಹಗಲು ರಾತ್ರಿ ಕೂತು ತಿಂಗಳಿಗೆ ಹತ್ತು ಸಾವಿರದ ಭರವಸೆ ಪಡೆದು ಎದ್ದರು. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಮೊದಲಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅರ್ಧ ಶತಮಾನ ಕಳೆದರೂ ನಮಗೆ ಕೊಡುವುದನ್ನು ಸಂಬಳ ಎಂದು ಕರೆಯುವುದಿಲ್ಲ, ಗೌರವಧನ ಎನ್ನುತ್ತಾರೆ. ಆಶಾ, ಅಂಗನವಾಡಿ ಹೆಂಗಸರಿಗೆ ನೌಕರರ ಹಕ್ಕು, ನಿವೃತ್ತಿಯ ಆಸರೆ ಸಿಗುವವರೆಗೆ ಅವರ ಹೋರಾಟ ನಮ್ಮದೇ ಹೋರಾಟ.

ತಾಯಿಯೊಬ್ಬಳು ಸತ್ತರೆ ಯಾಕೆ ಸತ್ತಳೆಂದು ಊರಿಗೆ ತಿಳಿಯಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಂದು ಅದರ ಬಳಕೆಯನ್ನು ರಾಜ್ಯವಿಡೀ ನಿಲ್ಲಿಸಬೇಕಾಯಿತು. ಅಷ್ಟು ಸಾವು ಒಟ್ಟಿಗೆ ಬಂದಾಗ ಸುದ್ದಿ, ಬಿಡಿ ಬಿಡಿಯಾಗಿ ಬಂದರೆ ಹಣೆಬರಹ. ನಮ್ಮ ಹೋಬಳಿಯಲ್ಲಿ ತಾಯಿ ಅಥವಾ ಕೂಸು ಸತ್ತ ಪ್ರತಿ ಮನೆಗೆ ಹೋಗಿ, ಮೊದಲ ನೋವಿನಿಂದ ಕೊನೆಯ ಉಸಿರಿನವರೆಗೆ ಯಾವ ಬಾಗಿಲಲ್ಲಿ ಎಷ್ಟು ಹೊತ್ತು ಕಾದರೆಂದು ಮನೆಯವರ ಒಪ್ಪಿಗೆಯಿಂದ ಬರೆದಿಡುತ್ತೇವೆ. ಯಾರನ್ನಾದರೂ ಹೊಡೆಸಲು ಅಲ್ಲ, ಆ ಬಾಗಿಲನ್ನು ತೆರೆಸಲು.

ಹದಿನೆಂಟು ತುಂಬದ ಹುಡುಗಿಯರ ಮದುವೆಯನ್ನು ನಾವು ತಡೆಯುತ್ತೇವೆ, ಮುಚ್ಚಿಡುವುದಿಲ್ಲ. ಆದರೆ ಈಗಾಗಲೇ ಬಸುರಿಯಾದ ಹುಡುಗಿಯನ್ನು ಪೋಕ್ಸೋ ಕೇಸಿನ ಹೆದರಿಕೆಗೆ ಅಟ್ಟದ ಮೇಲೆ ಬಚ್ಚಿಡುವ ಮನೆಗಳು ನಮ್ಮಲ್ಲಿವೆ. ಎಳೆ ಮೈಯ ಬಸಿರು ಮೊದಲೇ ಅಪಾಯ, ತಪಾಸಣೆಯಿಲ್ಲದಿದ್ದರೆ ಅದು ಇಮ್ಮಡಿಯಾಗುತ್ತದೆ. ಕಾನೂನು ತನ್ನ ಕೆಲಸ ಮಾಡಲಿ, ಆ ಹುಡುಗಿಯನ್ನು ಮಾತ್ರ ಡಾಕ್ಟರ ಬಾಗಿಲಿಗೆ ನಾವು ಕರೆದೊಯ್ಯುತ್ತೇವೆ.

ಹೆತ್ತ ಮೇಲೆ ಬರುವ ಮನಸ್ಸಿನ ಕಾಯಿಲೆಯನ್ನು ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಹೆಸರಿದ್ದರೂ ಮದ್ದು ಕೊಡಿಸುವವರು ಕಡಿಮೆ, ತಾಯಿತ ಕಟ್ಟಿಸುವವರು ಹೆಚ್ಚು. ಸನ್ನಿಯಷ್ಟು ಜೋರಾಗದೆ ದಿನವೂ ಗೋಡೆಗೆ ಮುಖ ಮಾಡಿ ಅಳುವ ಬಾಣಂತಿಯರು ಇನ್ನೂ ಎಷ್ಟೋ. ಕೂಸಿನ ತೂಕ ನೋಡಲು ಹೋದವರು "ನೀನು ಹೇಗಿದ್ದೀಯವ್ವ, ನಿದ್ದೆ ಬರ್ತಿದೆಯಾ?" ಎಂದು ಕೇಳದೆ ಏಳಬಾರದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಿ ದಾರಿ ಹೇಳುವವರಿದ್ದಾರೆ. ಈ ನಂಬರನ್ನು ಡೈರಿಯ ಗೋಡೆಗೆ ಬರೆಸಿದ್ದೇವೆ. ಗಂಡಸರಿಗೂ ಒಂದು ಮಾತು. ಹೆಂಡತಿಯ ಹೆರಿಗೆ ತಾರೀಕು, ಅವಳ ರಕ್ತದ ಗುಂಪು, ನಡುರಾತ್ರಿ ಯಾರ ಗಾಡಿ ಸಿಗುತ್ತದೆಂಬುದು ಗೊತ್ತಿಲ್ಲದ ಗಂಡನನ್ನು ನಾವು ಇನ್ನು ಮುಂದೆ ಕೇಳದೆ ಬಿಡುವುದಿಲ್ಲ. ಸಭೆಗೆ ಬಂದಿದ್ದ ಹದಿಮೂರು ಗಂಡಸರು ರಕ್ತದ ಗುಂಪು ಬರೆಸಿ ಹೆಸರು ಕೊಟ್ಟಿದ್ದಾರೆ. ಕರೆದಾಗ ಬರುತ್ತೇವೆಂದು ಮಾತು ಕೊಟ್ಟಿದ್ದಾರೆ.

ನಮಗೆ ಲೆಟರ್‌ಹೆಡ್ ಇಲ್ಲ, ಅಧ್ಯಕ್ಷರಿಲ್ಲ. ಯಾವ ಪಕ್ಷದ ಬಾವುಟವನ್ನೂ ಜಗುಲಿಗೆ ಕಟ್ಟಲು ಬಿಡುವುದಿಲ್ಲ. ಬೇರೆ ಹೋಬಳಿಯವರು, ಗಡಿಯಾಚೆಯ ತೆಲುಗು ಸೀಮೆಯವರು ಇದೇ ಕೆಲಸ ಹಿಡಿಯುವುದಾದರೆ ನಮ್ಮ ಅಪ್ಪಣೆ ಬೇಡ, ಒಂದು ಫೋನ್ ನಂಬರ್ ಕೊಟ್ಟರೆ ಸಾಕು. ಅವರ ಊರಿನಿಂದ ನಮ್ಮ ಊರಿಗೆ ಬರುವ ಮಗಳ ವಿಷಯ ತಿಳಿಸಲಿಕ್ಕೆ ಅದು ಬೇಕು.

ಎರಡು ಗೆರೆಯ ಉದ್ದನೆಯ ನೋಟ್‌ಬುಕ್ಕು ತಂದು ಮೊದಲ ಪುಟಕ್ಕೆ ಗೆರೆ ಎಳೆದಿದ್ದೇವೆ. ಎಡಗಡೆ ಕಳಿಸಿದವರ ಹೆಸರು, ಬಲಗಡೆ ಹಿಡಿದವರ ಹೆಸರು, ನಡುವೆ ತಾರೀಕು. ಮೊದಲ ಸಾಲಿನ ಎಡಗಡೆ ಆಗಲೇ ತುಂಬಿದೆ. ಮಡಕಶಿರಾ ಕಡೆಯ ಒಂದು ಊರಿನಿಂದ ಏಳು ತಿಂಗಳ ಚೊಚ್ಚಲ ಬಸುರಿ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ತವರಿಗೆ ಬರುತ್ತಿದ್ದಾಳೆ, ರಕ್ತ 9 ಗ್ರಾಂ ಇದೆ ಎಂದು ಅಲ್ಲಿನ ಆಶಾ ಫೋನಿನಲ್ಲಿ ತಿಳಿಸಿದಳು. ಬಲಗಡೆಯ ಮನೆ ಇನ್ನೂ ಖಾಲಿಯಿದೆ. ಸೋಮವಾರ ಬಸ್ ಸ್ಟ್ಯಾಂಡಿಗೆ ನಾನೂ ಹೋಗುತ್ತಿದ್ದೇನೆ, ಪೆನ್ನು ಜೊತೆಯಲ್ಲಿರುತ್ತದೆ.